ಗೊತ್ತಿಲ್ಲ ಅನ್ನದ ಮನೆತನ

ಯಾರಾದರೂ ದಾರಿ ಕೇಳಿದರೆ ‘ಗೊತ್ತಿಲ್ಲ’ ಅನ್ನುವ ಪದ್ಧತಿಯೇ ನಮ್ಮ ಮನೆಯಲ್ಲಿ ಇರಲಿಲ್ಲ. ಮೈಸೂರಿನಲ್ಲಿ ನಮ್ಮದು ಎರಡು ರಸ್ತೆ ಕೂಡುವ ಮೂಲೆಮನೆ. ಗೇಟಿನ ಹತ್ತಿರ ನಿಂತು ಯಾರಾದರೂ ವಿಳಾಸದ ಚೀಟಿ ಚಾಚಿದರೆ ಸಾಕು, ಅಪ್ಪ ಪೇಪರು ಮಡಿಸಿಟ್ಟು, ಪಂಚೆ ಸರಿಮಾಡಿಕೊಂಡು ಹೊರಗೆ ಬರುತ್ತಿದ್ದರು. ಆ ವಿಳಾಸ ಅವರಿಗೆ ಗೊತ್ತಿರಲಿ, ಗೊತ್ತಿಲ್ಲದಿರಲಿ, ‘ಹಿಂಗೇ ನೇರ ಹೋಗಿ, ಒಂದು ಅರಳೀಮರ ಸಿಗತ್ತೆ, ಎಡಕ್ಕೆ ತಿರುಗಿ ಯಾರನ್ನಾದ್ರೂ ಕೇಳಿ, ಹೇಳ್ತಾರೆ’ ಅನ್ನುತ್ತಿದ್ದರು. ಅರ್ಧ ಗಂಟೆ ಬಿಟ್ಟು ಅದೇ ಮನುಷ್ಯ ಬೆವರು ಒರೆಸಿಕೊಳ್ಳುತ್ತಾ ವಾಪಸ್ ಹೋಗುವುದನ್ನು ನಾನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಅಮ್ಮ ರೇಗಿದರೆ ಅಪ್ಪನದು ಒಂದೇ ಉತ್ತರ: ‘ಕೇಳ್ಕೊಂಡು ಬಂದೋರನ್ನ ಬರಿಗೈಲಿ ಕಳಿಸೋಕಾಗತ್ತೇನೆ?’

ಮದುವೆಯಾಗಿ ಈ ದೇಶಕ್ಕೆ ಬಂದ ಹೊಸದರಲ್ಲಿ ಮ್ಯಾನ್‌ಹಟನ್ನಿನ ಸಬ್‌ವೇ ಮೆಟ್ಟಿಲ ಮೇಲೆ ಒಬ್ಬನನ್ನು ದಾರಿ ಕೇಳಿದೆ. ಅವನು ‘ನೋ ಐಡಿಯಾ’ ಅಂದು, ನಿಲ್ಲದೆ ಹೊರಟುಹೋದ. ಎಂಥ ಒರಟ ಅಂತ ಮನೆಗೆ ಬರುವವರೆಗೂ ಬೈದುಕೊಂಡೆ. ಅವನು ನನಗೆ ಎಷ್ಟು ದೊಡ್ಡ ಉಪಕಾರ ಮಾಡಿದ ಅಂತ ಅರ್ಥವಾಗಲು ಇಪ್ಪತ್ತೇಳು ವರ್ಷ ಬೇಕಾಯಿತು.

ಈಗ ದಾರಿಯನ್ನು ಫೋನೇ ಹೇಳುತ್ತದೆ, ಯಾರೂ ಕೇಳುವುದಿಲ್ಲ. ಆದರೆ ಪಾರ್ಸಿಪನಿ ಅನ್ನುವ ಈ ಊರಿನಲ್ಲಿ ಇಷ್ಟು ವರ್ಷ ಇದ್ದವಳು ಅಂತ ನಮ್ಮವರು ನನ್ನನ್ನು ಬೇರೆ ಎಲ್ಲವನ್ನೂ ಕೇಳುತ್ತಾರೆ. ಯಾವ ಡಾಕ್ಟರು ಒಳ್ಳೆಯವರು, ಯಾವ ಸ್ಕೂಲು ಚೆನ್ನಾಗಿದೆ, ವೀಸಾಕ್ಕೆ ಏನೇನು ಕಾಗದ ಬೇಕು. ಲಾಯರಿಗೆ ಫೋನು ಮಾಡುವ ಮೊದಲು ಹಳಬರನ್ನು ಒಂದು ಮಾತು ಕೇಳುವುದು ಇಲ್ಲಿನ ನಮ್ಮ ಜನರ ರೂಢಿ. ಕೇಳಿದ ತಕ್ಷಣ ಉತ್ತರ ಕೊಡುವುದು ನನ್ನ ರೂಢಿ. ‘ನಿಂಗೆ ಗೊತ್ತಿಲ್ದೇ ಇರೋದು ಏನಾದ್ರೂ ಇದ್ಯಾ?’ ಅಂತ ನಮ್ಮ ಯಜಮಾನರು ರೇಗಿಸುತ್ತಿದ್ದರು. ನಾನು ಅದನ್ನು ಹೊಗಳಿಕೆ ಅಂದುಕೊಂಡಿದ್ದೆ.

ಹೋದ ವರ್ಷ ಲೈಬ್ರರಿಯ ಒಂದು ಕೋಣೆಯಲ್ಲಿ, ಗುರುವಾರ ಬೆಳಗ್ಗೆ, ನಮ್ಮ ಕಡೆಯ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡಲು ಶುರುಮಾಡಿದೆ. ಐದಾರು ಜನ ಬರುತ್ತಿದ್ದರು. ಅವರಲ್ಲಿ ಒಬ್ಬರು ಮಂಡ್ಯದ ಕಡೆಯವರು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಅವರ ಮಗಳು ಗಂಡನನ್ನು ಬಿಟ್ಟು ಒಂಟಿಯಾಗಿದ್ದಳು, ಇವರು ಆ ಮಗಳ ಮನೆಯಲ್ಲಿದ್ದರು. ಮೊಮ್ಮಗಳಿಗೆ ನಾಲ್ಕು ತುಂಬಿದ್ದರೂ ಮಾತು ಬಂದಿರಲಿಲ್ಲ. ಅಜ್ಜಿ ಬಂದ ಮೇಲೆ ಆ ಮಗು ಒಂದೊಂದೇ ಮಾತು ಆಡತೊಡಗಿತ್ತು, ಅದೂ ಅಜ್ಜಿಯ ಹತ್ತಿರ ಮಾತ್ರ, ಕನ್ನಡದಲ್ಲಿ. ‘ಬಾ’, ‘ಬೇಡ’, ‘ಅಜ್ಜಿ, ಇನ್ನೊಂದು’. ಮಗುವಿನ ಸ್ಪೀಚ್ ಟೀಚರ್ ಜೊತೆ ತಾವೇ ಮಾತಾಡಬೇಕು ಅಂತ ಇವರು ಇಂಗ್ಲಿಷ್ ಕಲಿಯಲು ಬಂದಿದ್ದರು. ಪ್ರತಿ ವಾರ ಮಗು ಎಷ್ಟು ಹೊಸ ಮಾತು ಕಲಿಯಿತು ಅಂತ ಬೆರಳು ಮಡಿಸಿ ಹೇಳುತ್ತಿದ್ದರು. ಆ ಲೆಕ್ಕ ಕೇಳಲೆಂದೇ ನಾನು ಗುರುವಾರಕ್ಕೆ ಕಾಯುತ್ತಿದ್ದೆ.

ಒಂದು ಗುರುವಾರ ವಿರುದ್ಧ ಪದಗಳ ಪಾಠ. ಬೋರ್ಡಿನ ಈ ಕಡೆ ಗೈಡ್, ಲೀಡ್, ಡೈರೆಕ್ಟ್ ಅಂತ ಬರೆದೆ. ಆ ಕಡೆ ಮಿಸ್‌ಗೈಡ್, ಮಿಸ್‌ಲೀಡ್, ಮಿಸ್‌ಡೈರೆಕ್ಟ್. ‘ಇವೆಲ್ಲ ದಾರಿ ತೋರಿಸೋದು, ಅವೆಲ್ಲ ದಾರಿ ತಪ್ಪಿಸೋದು’ ಅಂದೆ. ಅವರು ಕನ್ನಡದಲ್ಲೇ ಬರೆದುಕೊಂಡು ಪೆನ್ನು ಎತ್ತಿ ಕೇಳಿದರು.

‘ಅಲ್ಲ ಮೇಡಂ, ಬೇಕೂಂತ ತಪ್ಪಿಸಿದ್ರೆ ಮಾತ್ರ ಮಿಸ್‌ಲೀಡಾ, ಇಲ್ಲ ಗೊತ್ತಿಲ್ದೇ ತಪ್ಪಿಸಿದ್ರೂ ಅದೇನಾ?’

ನನಗೆ ಖಚಿತವಿರಲಿಲ್ಲ. ‘ಬೇಕೂಂತ ಮಾಡಿದ್ರೆ ಮಾತ್ರ’ ಅಂದುಬಿಟ್ಟೆ. ಅವರು ಅದನ್ನೂ ಬರೆದುಕೊಂಡರು. ಆಮೇಲೆ ಯಾವತ್ತೋ ಡಿಕ್ಷನರಿ ನೋಡಿದೆ. ಗೊತ್ತಿಲ್ಲದೆ ಮಾಡಿದರೂ ಅದೇ ಪದ.

ಫೆಬ್ರವರಿಯ ಒಂದು ಬೆಳಗ್ಗೆ, ಹುಳಿಗೆ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಅವರ ಮಗಳ ಫೋನು ಬಂತು. ಆಫೀಸಿನ ಪಾರ್ಕಿಂಗ್ ಲಾಟಿನಿಂದ ಮಾತಾಡುತ್ತಿದ್ದಳು.

‘ಆಂಟಿ, ಊರಲ್ಲಿ ಚಿಕ್ಕಮ್ಮನಿಗೆ ಸ್ಟ್ರೋಕ್ ಆಗಿದೆ. ಅಮ್ಮ ಒಂದೇ ಸಮನೆ ಅಳ್ತಿದ್ದಾರೆ. ಅವರ ಗ್ರೀನ್ ಕಾರ್ಡ್ ಇನ್ನೂ ಪೆಂಡಿಂಗ್ ಇದೆ, ಅಪ್ಲೈ ಮಾಡಿದ ರಸೀದಿ ಅಷ್ಟೇ ಕೈಲಿರೋದು. ಹದಿನೈದು ದಿನ ಹೋಗಿ ಬರಬಹುದಾ? ಲಾಯರ್ ಸೋಮವಾರದವರೆಗೂ ಸಿಗಲ್ಲವಂತೆ. ನಾಳೆ ಸಾಯಂಕಾಲದ ಫ್ಲೈಟಲ್ಲಿ ಒಂದು ಸೀಟಿದೆ.’

ಚಾಕು ಕೆಳಗಿಟ್ಟೆ. ‘ಗೊತ್ತಿಲ್ಲ’ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇದನ್ನು ಈಗ ನನ್ನ ಪರವಾಗಿ ಹೇಳುತ್ತಿಲ್ಲ, ನಿಜವಾಗಿ ಬಂದಿತ್ತು. ಆದರೆ ಆ ಹುಡುಗಿ ಕೇಳಿಕೊಂಡು ಬಂದಿದ್ದಳು. ನಮ್ಮ ಯಜಮಾನರ ಚಿಕ್ಕಪ್ಪನ ಮಗ ಗ್ರೀನ್ ಕಾರ್ಡ್ ಬರುವ ಮುಂಚೆ ಇಂಡಿಯಾಕ್ಕೆ ಹೋಗಿ ಬಂದಿದ್ದು ನೆನಪಾಯಿತು.

‘ಹೋಗಿ ಬರ್ಲಿ ಬಿಡಮ್ಮ. ನಮ್ಮವರ ಕಸಿನ್ ಹಂಗೇ ಹೋಗ್ಬಂದ. ರಸೀದಿ ಜೋಪಾನವಾಗಿಟ್ಕೊಂಡಿರ್ಲಿ, ಏನೂ ಆಗಲ್ಲ.’

‘ಅಬ್ಬಾ, ಥ್ಯಾಂಕ್ಸ್ ಆಂಟಿ. ಇಲ್ಲಾಂದ್ರೆ ಏನು ಮಾಡ್ಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ.’

ಶನಿವಾರ ನ್ಯೂವಾರ್ಕ್ ಏರ್‌ಪೋರ್ಟಿಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ಮಗು ಅಜ್ಜಿಯ ಸ್ವೆಟರಿನ ಗುಂಡಿ ಹಿಡಿದುಕೊಂಡೇ ಕೂತಿತ್ತು. ‘ಹದಿನೈದೇ ದಿನ ಕಂದ’ ಅಂತ ಅವರು ದಾರಿಯುದ್ದಕ್ಕೂ ಹೇಳಿದರು. ಹದಿನೈದು ಅಂದರೇನು ಅಂತ ಅದಕ್ಕೆ ಹೇಗೆ ತಿಳಿಯಬೇಕು. ಬೀಳ್ಕೊಡುವಾಗ ಅದು ‘ಅಜ್ಜಿ, ಬಾ’ ಅಂತ ಎರಡು ಸಲ ಅಂದಿತು.

ಸೋಮವಾರ ಲಾಯರು ಮಗಳಿಗೆ ಫೋನು ಮಾಡಿ ವಿಷಯ ಹೇಳಿದರು. ಅರ್ಜಿ ನಡೆಯುತ್ತಿರುವಾಗ ದೇಶ ಬಿಡಬೇಕಾದರೆ ಮೊದಲೇ ಪ್ರಯಾಣದ ಅನುಮತಿ ಪತ್ರ ತೆಗೆದುಕೊಂಡಿರಬೇಕಂತೆ. ಇಲ್ಲದೆ ಹೋದರೆ ಅರ್ಜಿಯನ್ನು ತಾವೇ ಬಿಟ್ಟುಕೊಟ್ಟ ಹಾಗೆ. ನಮ್ಮ ಕಸಿನ್ ಕೆಲಸದ ವೀಸಾದಲ್ಲಿದ್ದ, ಅವನ ಕಾಯಿದೆ ಬೇರೆ. ಇವರು ಮಗಳನ್ನು ನೋಡಲು ಟೂರಿಸ್ಟ್ ವೀಸಾದಲ್ಲಿ ಬಂದವರು. ಇನ್ನು ಎಲ್ಲವನ್ನೂ ಅಲ್ಲಿಂದಲೇ ಹೊಸದಾಗಿ ಶುರುಮಾಡಬೇಕು, ಎಷ್ಟು ವರ್ಷವೋ ಹೇಳಲಾಗದು. ಹಳೆಯ ವೀಸಾದಲ್ಲೇ ಬಂದರೆ ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸಬಹುದು. ಇಷ್ಟೂ ಗೊತ್ತಾಗುವ ಹೊತ್ತಿಗೆ ಅವರು ಮಂಡ್ಯದಲ್ಲಿ ತಂಗಿಯ ಮಂಚದ ಪಕ್ಕ ಕೂತಿದ್ದರು. ತಂಗಿಗೆ ಇವರ ಗುರುತೂ ಸಿಗಲಿಲ್ಲ.

ಮಗಳು ಇದನ್ನೆಲ್ಲ ಬೈಯದೆ, ಕೂಗದೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಅಂತ ನಮ್ಮಮ್ಮ ಅನ್ನುತ್ತಿದ್ದಳು. ನನ್ನ ಹಾಳು ಬಾಯಿಗೆ ಅದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಮಗು ಮೊದಲ ವಾರ ಅಜ್ಜಿಯ ಕೋಣೆಯ ಬಾಗಿಲ ಹತ್ತಿರ ಆಡಿಕೊಂಡಿತಂತೆ. ವೀಡಿಯೋ ಕಾಲ್ ಮಾಡಿದರೆ ಫೋನನ್ನು ಮಗುಚಿ ಇಟ್ಟು ಅದರ ಹಿಂಬದಿಯಲ್ಲಿ ಅಜ್ಜಿಯನ್ನು ಹುಡುಕುತ್ತಿತ್ತಂತೆ. ಆಮೇಲೆ ಹುಡುಕುವುದನ್ನೂ ಬಿಟ್ಟಿತು. ಬಂದಿದ್ದ ಮಾತುಗಳು ಒಂದೊಂದಾಗಿ ಹೋದವು. ಕೊನೆಗೆ ‘ಬೇಡ’ ಅನ್ನುವುದೊಂದು ಉಳಿದಿತ್ತು, ಏಪ್ರಿಲ್ ಹೊತ್ತಿಗೆ ಅದೂ ಇರಲಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಅವರೇ ಮಂಡ್ಯದಿಂದ ಫೋನು ಮಾಡಿದರು. ಅವರು ಯೋಗಕ್ಷೇಮ ವಿಚಾರಿಸಿದರು, ಯಜಮಾನರ ಬೆನ್ನುನೋವು ಹೇಗಿದೆ ಅಂದರು, ಆಮೇಲೆ ಕೇಳಿದರು.

‘ಲಾಯರ್ ಹೇಳೋದು ನಂಗೆ ತಲೆಗೆ ಹೋಗಲ್ಲ ಮೇಡಂ. ಇಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನೀವು ಓದಿಕೊಂಡೋರು, ಅಲ್ಲೇ ಇರೋರು. ಮಗೂನ ನೋಡೋಕೆ ಏನು ಮಾಡ್ಲಿ? ನೀವೇ ಒಂದು ದಾರಿ ಹೇಳಿ.’

ಇಷ್ಟಾದ ಮೇಲೂ ನನ್ನನ್ನೇ ಕೇಳುತ್ತಿದ್ದರು. ನಾಚಿಕೆಯಿಂದ ಕುಸಿದುಹೋದೆ. ಈ ಸಲವಾದರೂ ಸುಳ್ಳು ದಾರಿ ತೋರಿಸಬಾರದು, ಇಷ್ಟು ಋಣವಾದರೂ ತೀರಿಸೋಣ ಅಂತ ಗಟ್ಟಿ ಮನಸ್ಸು ಮಾಡಿ, ಜೀವನದಲ್ಲಿ ಮೊದಲ ಬಾರಿಗೆ ಹೇಳಿದೆ: ‘ನಂಗೆ ಗೊತ್ತಿಲ್ಲ.’



‘ಹೂಂ. ಆಯ್ತು ಬಿಡಿ ಮೇಡಂ. ತೊಂದರೆ ಕೊಟ್ಟೆ.’

ಫೋನು ಇಟ್ಟುಬಿಟ್ಟರು. ತಿರುಗಿ ಎರಡು ಮೂರು ಸಲ ಮಾಡಿದೆ, ಎತ್ತಲಿಲ್ಲ.

ಜುಲೈನಲ್ಲಿ ಇಂಡಿಯನ್ ಅಂಗಡಿಯಲ್ಲಿ ಅವರ ಮಗಳು ಎದುರು ಸಿಕ್ಕಳು. ಮಗುವನ್ನು ಸಾಮಾನಿನ ಗಾಡಿಯಲ್ಲಿ ಕೂರಿಸಿದ್ದಳು. ಅಮ್ಮ ಹೇಗಿದ್ದಾರೆ, ನನ್ನ ಮೇಲೆ ಕೋಪವೇ ಅಂತ ಕೇಳಿದೆ.

‘ಇಲ್ಲ ಆಂಟಿ. ಫ್ಲೈಟ್ ವಿಷಯಕ್ಕೆ ಅಮ್ಮ ನಿಮ್ಮನ್ನ ಒಂದು ದಿನಾನೂ ಬೈಲಿಲ್ಲ. ಪಾಪ, ಒಳ್ಳೇದಕ್ಕೆ ಹೇಳಿದ್ರು ಅಂತಿದ್ರು.’ ಅಕ್ಕಿಯ ಚೀಲ ಸರಿಸಿಟ್ಟಳು. ‘ಆಮೇಲೆ ಗೊತ್ತಿಲ್ಲ ಅಂದ್ಬಿಟ್ರಂತಲ್ಲ. ಅವರೂ ಕೈಬಿಟ್ರು ಅಂತ ಆವತ್ತು ತುಂಬಾ ಅತ್ತರು.’

ನಮ್ಮ ಕಡೆ ‘ಗೊತ್ತಿಲ್ಲ’ ಅನ್ನುವುದಕ್ಕೆ ಇರುವ ಅರ್ಥವೇ ಅದು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಬೇರೇನೂ ತೋಚದೆ ಬಗ್ಗಿ ಮಗುವಿನ ಕೆನ್ನೆ ಮುಟ್ಟಿ ‘ಕಂದ, ನಾನ್ಯಾರು ಹೇಳು’ ಅಂದೆ. ಅದು ಬಾಯಿ ಬಿಡಲಿಲ್ಲ.