ದೀಪ ಹಚ್ಚುವ ಹೊತ್ತಿನ ಬಾಗಿಲು

ಸಂಜೆ ದೀಪ ಹಚ್ಚುವ ಹೊತ್ತಾದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. "ಇವಳ ಕಾಲಿಗೆ ಚಕ್ರ ಕಟ್ಟೈತೆ" ಅನ್ನುತ್ತಾಳೆ ಅಮ್ಮ. ಕಟ್ಟಿದವಳೇ ಅವಳು!

ಕಣಕಟ್ಟೆ ಕಡೆಯ ಒಂದು ತೆಂಗಿನ ನಾರಿನ ಕಾರ್ಖಾನೆಯಲ್ಲಿ ಬೆಂಕಿ ಬೀಳದಂತೆ ನೋಡಿಕೊಳ್ಳುವ ಕೆಲಸ ನನ್ನದು. ಮುಂದಿನ ಶೆಡ್ಡಿನಲ್ಲಿ ಹಗ್ಗ ಹೊಸೆಯುವ ಯಂತ್ರಗಳು, ಅವುಗಳ ಮುಂದೆ ಊರಿನ ಅರ್ಧ ಹೆಂಗಸರು. ಹಿಂದಿನ ಶೆಡ್ಡಿನಲ್ಲಿ ಸೂರು ಮುಟ್ಟುವಷ್ಟು ಒಣ ನಾರು. ಅಮ್ಮ ಮತ್ತು ಅವಳ ಜೊತೆಯ ನಾಲ್ಕಾರು ಜನ ಅಲ್ಲಿ ನಾರು ಕಟ್ಟುತ್ತಿದ್ದರು. ಎರಡು ಶೆಡ್ಡುಗಳ ನಡುವಿನ ಓಣಿಗೆ ದಪ್ಪ ಕಬ್ಬಿಣದ ಬಾಗಿಲು, ಬಿಟ್ಟರೆ ತಾನೇ ಮುಚ್ಚಿಕೊಳ್ಳುವಂಥದ್ದು. ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಬಾರದಲ್ಲ, ಅದಕ್ಕೆ. ಹಿಂದಿನವರು ತಪ್ಪಿಸಿಕೊಳ್ಳಲು ಬಯಲಿಗೆ ಇನ್ನೊಂದು ಬಾಗಿಲು, ಅದಕ್ಕೆ ಚಿಲಕ ಹಾಕಕೂಡದು. ಇಷ್ಟೇ ನಿಯಮ. ಎಮ್ಮೆಗೂ ಅರ್ಥವಾಗುತ್ತದೆ.

ನಮ್ಮ ಹೆಂಗಸರಿಗೆ ಆಗಲಿಲ್ಲ. ಮುಸ್ಸಂಜೆಗೆ ಮುಂಬಾಗಿಲು ತೆರೆಯಬೇಕು, ಲಕ್ಷ್ಮಿ ಬರುತ್ತಾಳೆ. ಹಿಂಬಾಗಿಲು ಹಾಕಬೇಕು, ಇಲ್ಲದಿದ್ದರೆ ಬಂದವಳು ಹಾಗೇ ಆಚೆ ಹೋಗಿಬಿಡುತ್ತಾಳೆ. ಅವರು ದಿನಾ ಒಳಗೆ ಬರುವುದು ಓಣಿಯಿಂದ, ಹಾಗಾಗಿ ಕಬ್ಬಿಣದ ಬಾಗಿಲೇ ಅವರ ಮುಂಬಾಗಿಲು! ಹೊತ್ತು ಮುಳುಗುತ್ತಿದ್ದಂತೆ ಅಮ್ಮ ಅದಕ್ಕೆ ತೆಂಗಿನ ಮಟ್ಟೆ ಒತ್ತುಕೊಟ್ಟು ತೆರೆದಿಡುವಳು. ಬಯಲ ಬಾಗಿಲಿಗೆ ಚಿಲಕ ಜಡಿಯುವಳು. ನಾನು ಓಡಿ ಹೋಗಿ ಇದನ್ನು ಮುಚ್ಚಿ ಅದನ್ನು ತೆಗೆದು ಬರಬೇಕು. ನಾನು ಬೆನ್ನು ತಿರುಗಿಸಿದರೆ ಮತ್ತೆ ಅದೇ.

"ದೀಪ ಹಚ್ಚೋ ಹೊತ್ನಲ್ಲಿ ಬಾಗ್ಲು ಹಾಕ್ತಾರೇನೇ? ಅನಿಷ್ಟ!"

"ಬೆಂಕಿ ಬಿದ್ರೆ ನಿನ್ ಲಕ್ಷ್ಮಿ ಬಂದು ಆರಿಸ್ತಾಳಾ?"

"ಬಿಡ್ತು ಅನ್ನು!"

ಬಿಡ್ತು ಅನ್ನಲಿಲ್ಲ ನಾನು. ಅಷ್ಟು ಸಿಟ್ಟು ಬರುತ್ತಿತ್ತು.

ಹೋದ ಬೇಸಿಗೆಯ ಒಂದು ಸಂಜೆ ಹಿಂದಿನ ಶೆಡ್ಡಿನ ಮೋಟಾರು ಕಿಡಿ ಕಾರಿತು. ನಾನು ಓಣಿಗೆ ಬರುವಷ್ಟರಲ್ಲಿ ಹೊಗೆ ಮುಖಕ್ಕೆ ರಾಚಿತು. ಬಾಗಿಲು ತೆರೆದೇ ಇತ್ತು, ಮಟ್ಟೆ ಒತ್ತುಕೊಟ್ಟಿತ್ತು. "ಅಮ್ಮಾ" ಅಂತ ಕಿರುಚಿದೆ. ಯಾರೂ ಓಗೊಡಲಿಲ್ಲ. ಬಯಲ ಬಾಗಿಲಿಗೆ ಚಿಲಕ ಬಿದ್ದಿರುತ್ತದೆ ಅಂತ ನನಗೆ ಗೊತ್ತು. ನನ್ನ ಬೆನ್ನ ಹಿಂದೆ ಹಗ್ಗದ ಶೆಡ್ಡಿನವರು ಇನ್ನೂ ನೂಕಾಡಿಕೊಂಡು ಹೊರಗೆ ಓಡುತ್ತಿದ್ದರು. ಎದುರಿಗೆ ಬೆಂಕಿ ನಾರಿನ ಮೇಲೆ ಹರಿದು ಓಣಿಯತ್ತಲೇ ಬರುತ್ತಿತ್ತು.

ಮಟ್ಟೆ ಒದ್ದೆ. ಬಾಗಿಲು ಮುಚ್ಚಿಕೊಂಡಿತು.

ಆಮೇಲೆ ಹೊರಗಿನಿಂದ ಸುತ್ತಿ ಹೇಗೆ ಓಡಿದೆನೋ ತಿಳಿಯದು. ನಾನು ಬಯಲ ಬಾಗಿಲು ಬಡಿಯುವ ಹೊತ್ತಿಗೆ ಒಳಗಿನಿಂದ ಚಿಲಕ ಸರಿಯಿತು. ಹೆಂಗಸರು ಕೆಮ್ಮುತ್ತ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಬಂದರು. ಚಿಲಕ ಹಾಕಿದ್ದವಳು ಅಮ್ಮನೇ, ಹೊಗೆಯಲ್ಲಿ ತಡಕಾಡಿ ತೆಗೆದವಳೂ ಅವಳೇ. ಎಲ್ಲರಿಗಿಂತ ಕಡೆಗೆ ಬಂದಳು.

ಅರಸೀಕೆರೆಯಿಂದ ಅಗ್ನಿಶಾಮಕ ವಾಹನ ಬಂತು. ನಾರಿನ ಶೆಡ್ಡು ಬೂದಿಯಾಯಿತು, ಹಗ್ಗದ ಶೆಡ್ಡು ಉಳಿಯಿತು. ಬಾಗಿಲು ಹಾಕಿದ್ದಕ್ಕೆ ಎಲ್ಲರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ನಾನು ಅಮ್ಮನ ಮುಖ ನೋಡದೆ ಮನೆ ಕಡೆ ನಡೆದೆ.

ಮನೆಯಲ್ಲಿ ಅಮ್ಮ ಎಂದಿನಂತೆ ಮುದ್ದೆ ಕಟ್ಟಿ ತಟ್ಟೆಗಿಟ್ಟಳು. ಸಾರು ಬಡಿಸುತ್ತ ಕೇಳಿದಳು.

"ನಾನು ಒಳಗಿರೋದು ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮ."

"ಚಿಲಕ ಹಾಕಿರೋದು?"

"ಅದೂ."

ಅವಳು ಬೈಯಲಿ ಅಂತ ಕಾದೆ. ಬೈಯಲಿಲ್ಲ. ಇನ್ನೊಂದು ಸೌಟು ಸಾರು ಹಾಕಿದಳು.

"ನೀ ಮಾಡಿದ್ದು ಸರಿ ಕಣೇ," ಅಂದಳು. "ಒಳಗೆ ನೀನಿದ್ದಿದ್ರೆ ನಾ ಆ ಬಾಗ್ಲು ಹಾಕ್ತಿರ್ಲಿಲ್ಲ."