ಅಂಚಿಗೆ ತಾಗಿದ ಚೆಂಡು

ನಾನು ಓದಿದ ಕಾನ್ವೆಂಟಿನ ಹಾಲ್‌ನಲ್ಲಿ ಸಂಜೆಯಿಡೀ ಕೇಳುತ್ತಿದ್ದ ಟೇಬಲ್ ಟೆನಿಸ್ ಚೆಂಡಿನ ಆ ಟಿಕ್‌ಟಾಕ್ ಸದ್ದನ್ನು ಇಂದು ಕುವೈತಿನಲ್ಲಿ, ತಂಗಿಯ ಮಗ ಸುಕೇಶನ ಪಕ್ಕ ಟೀವಿ ಮುಂದೆ ಕೂತು, ಮತ್ತೆ ಕೇಳಿದೆ. ಸೆಮಿಫೈನಲ್‌ನ ಕೊನೆಯ ಚೆಂಡು ಟೇಬಲ್ಲಿನ ಅಂಚು ಸವರಿ ಬಿತ್ತು. ಗೆದ್ದವನು ಕುಣಿಯಲಿಲ್ಲ, ಕೈಯೆತ್ತಿ ಎದುರಾಳಿಯ ಕ್ಷಮೆ ಕೇಳಿದ.

“ಖಲಾಸ್ ಸುಕೇಶಣ್ಣ, ನಿಮ್ಮ ಚಾಂಪಿಯನ್ ಮನೆಗೆ!” ಅಂದ ಸುಕೇಶನ ಗೆಳೆಯ ಹಮೀದ್.

“ಲಕ್ ಮಾರಾಯ! ಮೂರು ಸಲ ನಮ್ಮವನ ಕೈಲಿ ಸೋತವ ಅವ. ಈಗ ‘ಸಾರಿ’ ಹೇಳುವ ಆ್ಯಕ್ಟಿಂಗು ಬೇರೆ.”

“ಆ್ಯಕ್ಟಿಂಗ್ ಅಲ್ಲ, ಮ್ಯಾನರ್ಸ್. ಅಂಚಿಗೆ ತಾಗಿ ಪಾಯಿಂಟ್ ಸಿಕ್ಕರೆ ಕೈಯೆತ್ತಬೇಕು. ಅಲ್ವಾ ಆಂಟಿ?”

ನನಗೆ ಆ ಹಳೆಯ ಹಾಲ್ ನೆನಪಾಯಿತು. ಸ್ಕೂಲ್ ಟೂರ್ನಮೆಂಟಿನ ಫೈನಲ್‌ನಲ್ಲಿ ನನ್ನ ಕೊನೆಯ ಚೆಂಡು ಬಡಿದದ್ದು ಟೇಬಲ್ಲಿನ ಮೇಲಂಚಿಗಲ್ಲ, ಕೆಳಗಿನ ಬದಿಗೆ. ಅದಕ್ಕೆ ಪಾಯಿಂಟ್ ಇಲ್ಲ. ಅಂಪೈರ್ ಆಗಿದ್ದ ಸಿಸ್ಟರಿಗೆ ಕಾಣಲಿಲ್ಲ, ನನ್ನನ್ನೇ ಕೇಳಿದರು. “ಎಡ್ಜಿಗೇ ತಾಗಿತು, ಸಿಸ್ಟರ್” ಅಂದೆ. ಕೈಯನ್ನೂ ಎತ್ತಲಿಲ್ಲ.

ಎದುರು ಆಡುತ್ತಿದ್ದ ಸ್ಟೆಲ್ಲಾ ಎಲ್ಲ ನೋಡಿದ್ದಳು. ಮರುದಿನವೇ ಅವಳು ಮನೆಯವರ ಜೊತೆ ಊರು ಬಿಟ್ಟಳು. ಅವಳನ್ನು ಕೊನೆಯ ಸಲ ಕಂಡದ್ದು ಆ ಹಾಲ್‌ನಲ್ಲೇ: ಚೆಂಡು ಹೆಕ್ಕಿ, ಯೂನಿಫಾರ್ಮಿಗೆ ಒರೆಸಿ, ನನ್ನ ಅಂಗೈಯಲ್ಲಿಟ್ಟು “ವೆಲ್ ಪ್ಲೇಡ್” ಅಂದಳು.