ನಿಧಾನ ತಿರುಗಿದ ರೆಕಾರ್ಡು

1963ರಲ್ಲಿ ನಾನು ಪುತ್ತೂರಿನ ಒಂದು ಬ್ಯಾಂಡ್ ಸೆಟ್ಟಿಗೆ ಮಾಸ್ಟರ್ ಆಗಿದ್ದೆ. ಮದುವೆಗೆ ಕ್ವಿಕ್ ಮಾರ್ಚ್, ಶವಯಾತ್ರೆಗೆ ಸ್ಲೋ ಮಾರ್ಚ್. ಶವಯಾತ್ರೆಯ ದಿನ ಡ್ರಮ್ಮಿಗೆ ಕಪ್ಪು ಬಟ್ಟೆ ಸುತ್ತಿ ಸದ್ದು ಕುಗ್ಗಿಸುತ್ತೇವೆ. ಬ್ಯಾಂಡು ಮುಂದೆ ನಡೆದರೂ ಮಾಸ್ಟರ್ ಆಗಾಗ ಹಿಂತಿರುಗಿ ನೋಡಬೇಕು. ಶವಪೆಟ್ಟಿಗೆ ಹೊತ್ತವರ ಹೆಜ್ಜೆ ಎಷ್ಟು ನಿಧಾನವೋ ತಾಳವೂ ಅಷ್ಟೇ ನಿಧಾನ.

ಶವಯಾತ್ರೆಗೆ ನಮ್ಮಲ್ಲಿ ಒಂದು ವಿಶೇಷ ಹಾಡಿತ್ತು. ಅರಂತೋಡಿನ ಅಂಗಡಿಯವರೊಬ್ಬರು ಊರು ಬಿಟ್ಟುಹೋದ ತೋಟದ ಇಂಗ್ಲಿಷ್ ಮ್ಯಾನೇಜರನ ಹಳೆಯ ಸಾಮಾನು ಕೊಂಡಿದ್ದರು. ಅದರಲ್ಲಿದ್ದ ಗ್ರಾಮಫೋನೂ ಒಂದು ರೆಕಾರ್ಡೂ ನಮಗೆ ಬಂದವು. ಗ್ರಾಮಫೋನಿನ ಸ್ಪ್ರಿಂಗು ಸಡಿಲ, ರೆಕಾರ್ಡು ತೀರಾ ನಿಧಾನ ತಿರುಗುತ್ತಿತ್ತು. ಹಾಡು ಅಳುವಂತೆ ಹೊರಬಂತು. ನಮ್ಮ ಕ್ಲಾರಿನೆಟ್ ವಾದಕ ಪಾಸ್ಕಲ್ ವಾರಗಟ್ಟಲೆ ಕಿವಿಗೊಟ್ಟು ಪದಗಳನ್ನು ಹಿಡಿದ. ಅರ್ಧ ಪದಗಳು ನಮಗೆ ತಿಳಿಯಲಿಲ್ಲ. ‘ಲಾರ್ಡ್’ ಎಂದು ಕೇಳಿಸಿತು, ಭಕ್ತಿಗೀತೆ ಎಂದುಕೊಂಡೆವು.

ಕಡಬದ ಬಳಿ ರಬ್ಬರ್ ಹಾಕಲು ಕೇರಳದಿಂದ ಬಂದಿದ್ದ ಮತ್ತಾಯಿ ಎಂಬವರ ಮಗ ಜ್ವರದಲ್ಲಿ ತೀರಿಕೊಂಡಾಗ ಅದನ್ನೇ ಬಾರಿಸಿದ್ದೆವು. ಮಣ್ಣು ಮುಚ್ಚಿದ ಮೇಲೆ ಮತ್ತಾಯಿ ನನ್ನ ಕೈ ಹಿಡಿದುಕೊಂಡರು. “ಮಾಸ್ಟ್ರೇ, ನಾನು ಹೋಗುವಾಗಲೂ ಇದನ್ನೇ ಬಾರಿಸಬೇಕು.”

ಆಗಲಿ ಎಂದೆ. ಮರುವರ್ಷ ಕಾಡು ಕಡಿಯುವಾಗ ಮರ ಬಿದ್ದು ಅವರೂ ಹೋದರು.

ಬಸ್ಸಿನ ಮೇಲೆ ಡ್ರಮ್ ಕಟ್ಟಿಕೊಂಡು ಹೋದೆವು. ಪೆಟ್ಟಿಗೆ ಎತ್ತುವ ಮುಂಚೆ ಅಂಗಳದಲ್ಲಿ ಪಾಸ್ಕಲ್ ಒಂದು ಚರಣ ಹಾಡುವುದು ನಮ್ಮ ರೂಢಿ. ಅವನು ಎರಡು ಸಾಲು ಹಾಡಿದ್ದನೋ ಇಲ್ಲವೋ, ಜನರ ನಡುವಿನಿಂದ ಗಹಗಹಿಸುವ ನಗು ಕೇಳಿಸಿತು. ನಕ್ಕವನು ಮತ್ತಾಯಿಯವರ ತಮ್ಮನ ಮಗ ಜೋಯಿ. ಲಂಡನ್ನಿನ ಕಾರ್ಖಾನೆಯಲ್ಲಿದ್ದವನು, ರಜೆಗೆ ಬಂದಿದ್ದ.

“ಇದು ಎಂತ ಹಾಡು ಗೊತ್ತುಂಟಾ ಮಾರಾಯ್ರೆ? ಕುಡುಕರದ್ದು,” ಎಂದ. “ಅದು ದೇವರು ಲಾರ್ಡ್ ಅಲ್ಲ, ಲ್ಯಾಂಡ್‌ಲಾರ್ಡ್. ಅಲ್ಲಿ ಹೆಂಡದಂಗಡಿಯವನನ್ನು ಹಾಗೆ ಕರೆಯುದು. ಕಿಸೆ ಖಾಲಿ, ಸಾಲ ಕೊಡು ಅಂತ ಬೀದಿ ಭಾಷೆಯಲ್ಲಿ ಬೇಡುದು. ಉಳಿದ ಪದಗಳು ಇಂಗ್ಲಿಷೇ ಅಲ್ಲ.”

ಸುತ್ತಲಿನವರು ನಗು ಮುಚ್ಚಲು ಬಾಯಿಗೆ ಬಟ್ಟೆ ಅಡ್ಡ ಹಿಡಿದರು. ಪಾದ್ರಿಗಳು ಪುಸ್ತಕ ನೋಡುತ್ತ ನಿಂತರು. “ಬ್ಯಾಂಡನ್ನು ವಾಪಸು ಕಳಿಸಿ, ಮರ್ಯಾದೆ ಹೋಗ್ತದೆ,” ಎಂದು ಜೋಯಿ ಆಜ್ಞೆ ಮಾಡಿದ. ಪಾಸ್ಕಲ್ ಕ್ಲಾರಿನೆಟ್ಟನ್ನು ಒಳಗಿಡಲು ಅದರ ಪೆಟ್ಟಿಗೆ ತೆರೆದ. ಇವತ್ತಿಗೂ ಆ ನಗು ನೆನಪಾದರೆ ನನ್ನ ಮೈ ಉರಿಯುತ್ತದೆ. ಹೆಣ ಅಂಗಳದಲ್ಲಿದೆ, ಇವನಿಗೆ ಇಂಗ್ಲಿಷ್ ಪಾಠ. ನಾಲ್ಕು ದಿನ ಲಂಡನ್ನಿನ ನೀರು ಕುಡಿದವನಿಗೆ ದೊಡ್ಡಪ್ಪನ ಸಾವೂ ತಮಾಷೆ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಸಾವಿನ ಮನೆಯಲ್ಲಿ ಬಾಡಿಗೆಗೆ ಬಂದ ಬ್ಯಾಂಡಿನವನಿಗೆ ಬಾಯಿಲ್ಲ. ಕೊಟ್ಟ ಮಾತು ಉಳಿಸಲಾಗದೆ ಊರಿಗೆ ಮರಳುವುದೇ ಗತಿ ಎಂದುಕೊಂಡೆ.

ಆಗ ಪೆಟ್ಟಿಗೆಯ ಬಳಿ ಕೂತಿದ್ದ ಮತ್ತಾಯಿಯವರ ಹೆಂಡತಿ ಏಲಿಯಮ್ಮ ಎದ್ದು ಬಂದರು. ಕಣ್ಣು ಒಣಗಿತ್ತು.

“ಪಾಸ್ಕಲ್, ಅದನ್ನು ಒಳಗೆ ಇಡುದು ಬೇಡ. ನನ್ನ ಮೋನು, ನನ್ನ ಮಗ, ಹೋದದ್ದು ಈ ಹಾಡಿನಲ್ಲಿ. ಅವರೂ ಇದರಲ್ಲೇ ಹೋಗುದು.” ಆಮೇಲೆ ಜೋಯಿಯ ಕಡೆ ತಿರುಗಿದರು. “ನಿನಗೆ ನಗು ಬರುದಾದರೆ ಹಿಂದೆ ಬಾ. ಬ್ಯಾಂಡು ಮುಂದೆ ಹೋಗ್ತದೆ.”

ಅಂಗಳದಲ್ಲಿ ಮತ್ತೆ ಯಾರೂ ನಗಲಿಲ್ಲ. ಪಾಸ್ಕಲ್ ಅದೇ ತಪ್ಪು ಪದಗಳನ್ನು ಮೊದಲಿನಿಂದ ಹಾಡಿದ. ಆ ಕುಡುಕರ ಹಾಡು ಲಂಡನ್ನಿನಲ್ಲಿ ಹೇಗಿದೆಯೋ ನನಗೆ ಬೇಡ. ಸಡಿಲ ಸ್ಪ್ರಿಂಗಿನಲ್ಲಿ ಹುಟ್ಟಿದ ನಮ್ಮ ಹಾಡಿಗೆ ಅಲ್ಲಿನ ಯಾವನೂ ಹಕ್ಕುದಾರನಲ್ಲ.

ಇಗರ್ಜಿಗೆ ಹೋಗುವ ದಾರಿ ಕಡಿದಾದ ಇಳಿಜಾರು. ಅಲ್ಲಿ ಹೊತ್ತವರು ದಣಿದಾಗ ಹೆಗಲು ಕೊಡಲು ಜೋಯಿಯೇ ಬರಬೇಕಾಯಿತು. ಹಿಂತಿರುಗಿ ನೋಡಿದೆ. ಮುಖ ಬೆವರಿತ್ತು, ಕಾಲು ತಡವರಿಸುತ್ತಿತ್ತು. ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ, ಇಂದಿಗೂ ಇಳಿದಿಲ್ಲ. ಆದರೂ ಡ್ರಮ್ಮಿನವರಿಗೆ ಕೈ ತೋರಿಸಿ ತಾಳ ಇನ್ನಷ್ಟು ನಿಧಾನ ಮಾಡಿಸಿದೆ. ಬಾರಿಸಬೇಕಾದದ್ದು ಪೆಟ್ಟಿಗೆ ಹೊತ್ತವನ ಹೆಜ್ಜೆಗೆ. ಅವನು ಎಂಥವನು ಎಂದು ಬ್ಯಾಂಡ್ ಮಾಸ್ಟರ್ ಕೇಳುವಂತಿಲ್ಲ.